ಎಡತೋಳಿನ ಕಪ್ಪು ಪಟ್ಟಿ ಕಲ್ಲಿದ್ದಲಿನದ್ದಲ್ಲ

ಮಾನ್ಯ ಕ್ರೀಡಾ ನಿರ್ದೇಶಕರೇ,

ಬರುವ ಅಕ್ಟೋಬರಿನ ಎರಡನೇ ಶನಿವಾರ ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಅರವತ್ತು ವರ್ಷದ ಹಿಂದಿನ ಜೆರ್ಸಿ ತೊಟ್ಟು ಮೈದಾನಕ್ಕೆ ಇಳಿಯುತ್ತದೆ ಎಂದು ತಾವು ಪ್ರಕಟಿಸಿದ್ದೀರಿ. ಹಳದಿ ಅಂಗಿ, ಅದರ ಮೇಲೆ ಕಂದು ಬಣ್ಣದ ನಂಬರು, ಎರಡೂ ತೋಳಿಗೆ ಒಂದೊಂದು ಕಪ್ಪು ಪಟ್ಟಿ. ಆ ಪಟ್ಟಿ 'ನಮ್ಮ ಕಣಿವೆಯ ಕಲ್ಲಿದ್ದಲು ಗಣಿಗಾರರ ಶ್ರಮಕ್ಕೆ ಅಂದಿನ ತಂಡ ಸಲ್ಲಿಸಿದ ಗೌರವ' ಎಂದು ತಮ್ಮ ಪ್ರಕಟಣೆ ಹೇಳುತ್ತದೆ. ಸ್ವಾಮಿ, ಅದು ಸುಳ್ಳು. ಅದು ಶೋಕದ ಪಟ್ಟಿ. ನನ್ನ ತಮ್ಮ ಯೂಜೀನ್ ಹ್ರುಸ್ಕಾ, ನಮ್ಮೆಲ್ಲರ ಜೀನ್, ಸತ್ತಾಗ ಅವನ ತಂಡದ ಹುಡುಗರು ಹಾಕಿಕೊಂಡದ್ದು. ಹೊಲಿದವಳು ನಾನು.

ಗಣಿಗಾರರ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ನಮ್ಮಪ್ಪ ಈ ಕಣಿವೆಯ ಗಣಿಯಲ್ಲಿ ಮೂವತ್ತೊಂದು ವರ್ಷ ದುಡಿದರು. ಆ ಕಾಲದಲ್ಲಿ ಗಣಿಗಾರರಿಗೆ ಕಾಲೇಜು ತೋರಿಸಿದ ಗೌರವ ಯಾವುದೆಂದರೆ, ಅವರ ಬೂಟಿನ ಮಸಿ ಮೆಟ್ಟಿಲಿಗೆ ಅಂಟುತ್ತದೆಂದು ಹಿಂದಿನ ಗೇಟಿನಿಂದ ಒಳಗೆ ಬರಲು ಹೇಳಿದ್ದು. ಸ್ವಂತ ಮಗ ಆಡುವುದನ್ನು ನೋಡಲು ನಮ್ಮಪ್ಪ ಹಿಂದಿನ ಗೇಟಿನಿಂದಲೇ ಬರುತ್ತಿದ್ದರು. ಗಣಿ ಮುಚ್ಚಿ ಗಣಿಗಾರರೆಲ್ಲ ಸ್ಮಶಾನ ಸೇರಿದ ಮೇಲೆ ತಮ್ಮ ಕಚೇರಿಗೆ ಅವರ ಮೇಲೆ ಇಷ್ಟೊಂದು ಪ್ರೀತಿ ಉಕ್ಕಿದ್ದಕ್ಕೆ ನಾನು ಕೃತಜ್ಞಳು. ಆದರೆ ಆ ಪ್ರೀತಿಗೆ ನನ್ನ ತಮ್ಮನ ಪಟ್ಟಿಯೇ ಆಗಬೇಕಿತ್ತೇ? ಇನ್ನೊಂದು ಬಣ್ಣ ಸಿಗಲಿಲ್ಲವೇ?

ಈ ಜೆರ್ಸಿಯ ಚಿತ್ರ ಹೊರಬಿದ್ದ ದಿನದಿಂದ ಊರಿನಲ್ಲಿ ಬೇರೆ ಮಾತಿಲ್ಲ. ಕ್ಷೌರದಂಗಡಿಯಲ್ಲಿ ಅದೇ, ಚರ್ಚಿನ ಹಾಲ್‌ನಲ್ಲಿ ಅದೇ, ಪಂದ್ಯದ ದಿನ ಕಾರುಗಳ ಹಿಂಬಾಗಿಲು ತೆರೆದು ಮಾಂಸ ಸುಡುತ್ತ ನಿಲ್ಲುವವರ ನಡುವೆಯೂ ಅದೇ. ಅಭಿಮಾನಿಗಳು ಮೂರು ಪಂಗಡವಾಗಿದ್ದಾರೆ. ಪಟ್ಟಿ ಎಡತೋಳಿಗಿತ್ತು ಎನ್ನುವವರು, ಬಲತೋಳಿಗಿತ್ತು ಎನ್ನುವವರು, ಎಲ್ಲಿದ್ದರೇನು ಎರಡೂ ಕಡೆ ಹಾಕಿದರೆ ನೋಡಲು ಚೆಂದ ಎನ್ನುವವರು. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಬಲತೋಳಿನವರ ಬಳಿ ಫೋಟೋ ಇದೆ. ಆ ವರ್ಷದ ಕೊನೆಯ ಪಂದ್ಯದಲ್ಲಿ ಇಪ್ಪತ್ತೇಳನೇ ನಂಬರಿನ ಹುಡುಗ ಚೆಂಡನ್ನು ಎದೆಗವಚಿಕೊಂಡು ಗೆರೆ ದಾಟಿ ಬಿದ್ದದ್ದು. ಅವನ ಬಲತೋಳಿನ ಮೇಲೆ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಉಳಿದವರ ಮಸುಕು ಫೋಟೋಗಳಲ್ಲಿ ಪಟ್ಟಿ ಎಡಕ್ಕಿದೆ. ಇದರಿಂದ ನಮ್ಮ ಪಂಡಿತರು ಕಂಡುಹಿಡಿದಿರುವ ಸತ್ಯವೇನೆಂದರೆ, ಚೆಂಡು ಹೊತ್ತು ಓಡುವವರಿಗೆ ಬಲಕ್ಕೆ, ಅಡ್ಡ ನಿಂತು ತಡೆಯುವವರಿಗೆ ಎಡಕ್ಕೆ ಪಟ್ಟಿ ಹಾಕುವ ಪದ್ಧತಿ ಅಂದು ಇತ್ತಂತೆ. ಇದರ ಮೇಲೆ ಒಬ್ಬರು ಹನ್ನೆರಡು ಪುಟದ ಲೇಖನ ಬರೆದಿದ್ದಾರೆ. ಅಡಿಟಿಪ್ಪಣಿಗಳೂ ಇವೆ.

ಮಾನ್ಯರೇ, ಅಂಥ ಪದ್ಧತಿ ಯಾವುದೂ ಇರಲಿಲ್ಲ. ಅದು ನನ್ನ ತಪ್ಪು.

ಆಗ ನನಗೆ ಇಪ್ಪತ್ತು ವರ್ಷ, ಜೀನ್‌ಗೆ ಹತ್ತೊಂಬತ್ತು. ನಾನು ಕೆಲಸದ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿದ್ದೆ. ಅವನನ್ನು ಮಣ್ಣು ಮಾಡಿ ಹತ್ತು ದಿನವಾಗಿತ್ತು. ತಂಡದ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಓರ್ವಿಲ್ ಎಂಬವರು ಒಂದು ಗುರುವಾರ ಮಧ್ಯಾಹ್ನ ಎರಡು ಗೋಣಿಚೀಲ ಹೊತ್ತುಕೊಂಡು ನಮ್ಮ ಅಡುಗೆಮನೆ ಬಾಗಿಲಿಗೆ ಬಂದರು. ಚೀಲದಲ್ಲಿ ಮೂವತ್ತೆಂಟು ಜೆರ್ಸಿ.

"ವೆರಾ, ಶನಿವಾರ ಮೊದಲ್ನೇ ಆಟ ಕಣಮ್ಮ. ಹುಡುಗ್ರು ಜೀನ್‌ಗೋಸ್ಕರ ಏನಾದ್ರೂ ಒಂದು ಗುರುತು ಬೇಕೇ ಬೇಕು ಅಂತ ಹಟ ಹಿಡ್ದಿದಾರೆ. ಕೋಚ್‌ಗೆ ಇನ್ನೂ ಹೇಳಿಲ್ಲ. ನಿನ್ ಕೈಲಾಗುತ್ತಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಒಲೆ ಮುಂದೆ ನಿಂತಿದ್ದ ಅಮ್ಮ, "ನನ್ ಕರಿ ಲಂಗದ ಬಟ್ಟೆ ಎರಡು ಗಜ ಉಳ್ದಿದೆ. ಅದನ್ನೇ ಹಚ್ಚು" ಎಂದರು. ಮಗನನ್ನು ಹೂಳಲು ಹಾಕಿಕೊಂಡ ಬಟ್ಟೆಯ ಉಳಿಕೆ ಅದು. ಅವರು ತಿರುಗಿ ನೋಡಲಿಲ್ಲ.

ಶುಕ್ರವಾರ ಕಾರ್ಖಾನೆಗೆ ರಜೆ ಹಾಕಿ ಹೊಲಿದೆ. ಮೂವತ್ತೇಳು ಅಂಗಿಗೆ ಎಡತೋಳಿಗೆ, ಹೃದಯದ ಕಡೆಗೆ. ಆ ಜೆರ್ಸಿಗಳಿಗೆ ಎದೆಯ ಮೇಲೂ ಬೆನ್ನ ಮೇಲೂ ಒಂದೇ ಅಂಕಿ. ಅಳುತ್ತ ಹೊಲಿಯುವವಳಿಗೆ ಹಿಂದೆ ಯಾವುದು ಮುಂದೆ ಯಾವುದು ಎಂದು ತಿಳಿಯುವುದು ಹೇಗೆ? ಒಂದು ಅಂಗಿ ಬೋರಲು ಬಿದ್ದಿತ್ತು. ಬೆನ್ನಿನ ಅಂಕಿಯನ್ನು ಎದೆಯದೆಂದು ತಿಳಿದು ಪಟ್ಟಿ ಹೊಲಿದುಬಿಟ್ಟೆ. ಅದೇ ಇಪ್ಪತ್ತೇಳು. ಓರ್ವಿಲ್ ಬಂದು ಚೀಲ ಎತ್ತಿಕೊಳ್ಳುವಾಗ ನೋಡಿದೆ, ಬಿಚ್ಚಿ ಮತ್ತೆ ಹೊಲಿಯಲು ಹೊತ್ತಿರಲಿಲ್ಲ. "ಬಿಡಮ್ಮ, ಯಾರ್ ನೋಡ್ತಾರೆ?" ಎಂದರು ಅವರು. ಅರವತ್ತು ವರ್ಷವಾದ ಮೇಲೆ ಇಡೀ ಊರೇ ಭೂತಗನ್ನಡಿ ಹಿಡಿದು ನೋಡುತ್ತದೆ ಎಂದು ಪಾಪ ಅವರಿಗೇನು ಗೊತ್ತಿತ್ತು?

ಇದನ್ನು ನಾನು ಬಾಯಿ ಬಿಟ್ಟು ಹೇಳಿಲ್ಲ ಎಂದುಕೊಳ್ಳಬೇಡಿ. ಅಂತರ್ಜಾಲದಲ್ಲಿ ಅಭಿಮಾನಿಗಳ ಪುಟ ನಡೆಸುವ ಗ್ಲೆನ್ ಸ್ಟಕಿ ನಮ್ಮ ಪಕ್ಕದ ಬೀದಿಯವನು, ಅಂಚೆ ಹಂಚಿ ನಿವೃತ್ತನಾದವನು, ಒಳ್ಳೆಯ ಮನುಷ್ಯ. ಮಂಗಳವಾರಗಳಂದು ನಾವು ಹೆಂಗಸರು ಚರ್ಚಿನ ಹಾಲ್‌ನಲ್ಲಿ ಮಾರಾಟಕ್ಕೆಂದು ಪಿರೋಗಿ ಕಡುಬು ಮಡಚುತ್ತೇವೆ. ಅವನು ಎರಡು ಡಜನ್ ಕೊಳ್ಳಲು ಬಂದಾಗ ಹಿಟ್ಟಿನ ಕೈಯಲ್ಲೇ ಅವನನ್ನು ಹಿಡಿದು ಕೂರಿಸಿದೆ.

"ಗ್ಲೆನ್, ಅದು ಎಡತೋಳಿಗೇ ಇದ್ದದ್ದು ಕಣೋ. ನಾನೇ ಹೊಲ್ದಿದ್ದು."

"ವೆರಾ, ನಿಮ್ ಮೇಲೆ ನಂಗೆ ಗೌರವ ಇದೆ. ಆದ್ರೆ ಫೋಟೋ ಸುಳ್ಳು ಹೇಳುತ್ತಾ? ನೆನಪು ಅನ್ನೋದು ಈ ವಯಸ್ಸಲ್ಲಿ ಸ್ವಲ್ಪ ಆ ಕಡೆ ಈ ಕಡೆ..."

"ನನ್ ನೆನಪು ನೆಟ್ಟಗಿದೆ. ಹೋದ್ ವಾರ ನೀನು ಒಂದು ಡಜನ್‌ಗೆ ಕೊಟ್ಟು ಎರಡು ಡಜನ್ ಎತ್ಕೊಂಡ್ ಹೋದದ್ದೂ ನೆನಪಿದೆ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ನಾನು ಜೀನ್ ವಿಷಯ ಹೇಳಿದೆ. ಪೂರ್ತಿ ಹೇಳಿದೆ. ಗ್ಲೆನ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಕೊನೆಗೆ, "ಹಾಗಾದ್ರೆ ಎಡಗಡೆ ಅಂತ ತಿದ್ದಿ ಹಾಕ್ಲಾ?" ಎಂದ.

ಪಾಪ, ತಿದ್ದಿ ಹಾಕಿದ. ಜೀನ್ ಹೆಸರನ್ನೂ ಬರೆದ. ಅದರ ಕೆಳಗೆ ಬಂದ ಮಾತುಗಳನ್ನು ತಾವು ಓದಿರಲಾರಿರಿ, ತಮಗೆ ಕೆಲಸ ಬಹಳ. "ಆಧಾರ ಎಲ್ಲಿದೆ?" ಎಂದು ಒಬ್ಬ. "ಯಾವ್ದೋ ಮುದುಕಿ ಕಥೆ ಕಟ್ತಿದೆ" ಎಂದು ಇನ್ನೊಬ್ಬ. "ಸತ್ತವರ ಗುರುತು ಹಾಕ್ಕೊಂಡ್ರೆ ಅಪಶಕುನ ಅಲ್ವಾ?" ಎಂದು ಮೂರನೆಯವನು ಹೆದರಿದ. ಅವನಿಗೆ ನಾಲ್ಕನೆಯವನು ಧೈರ್ಯ ಹೇಳಿದ: "ಅಪಶಕುನ ಎಲ್ಲಿಂದ ಬಂತು ಗುರೂ? ಆ ಪಟ್ಟಿ ಹಾಕ್ಕೊಂಡು ಒಂಬತ್ತಕ್ಕೆ ಒಂಬತ್ತೂ ಗೆದ್ರು. ಅದೃಷ್ಟದ ಪಟ್ಟಿ ಅದು!" ಅದಕ್ಕೆ ನಾನೂರು ಜನ ಮೆಚ್ಚುಗೆ ಒತ್ತಿದರು. ಎರಡು ದಿನದಲ್ಲಿ ಮಾತು ಮತ್ತೆ ಎಡವೋ ಬಲವೋ ಎಂಬಲ್ಲಿಗೆ ಬಂತು.

ಆಮೇಲೆ ತಾವು ಮತದಾನ ಇಟ್ಟಿರಿ. ನಾನೂ ಮತ ಹಾಕಿದೆ, ಮಾನ್ಯರೇ. ನನ್ನ ತಮ್ಮನ ಶೋಕವನ್ನು ಯಾವ ತೋಳಿಗೆ ಕಟ್ಟಬೇಕು ಎಂದು ಗುಂಡಿ ಒತ್ತಿದೆ. ಬೇರೇನು ಮಾಡಲಿ? ಎಡತೋಳಿಗೆ ಬಿದ್ದದ್ದು ಶೇಕಡ ಹನ್ನೊಂದು. ಗೆದ್ದದ್ದು ಎರಡೂ ತೋಳು.

ಅವನು ಹೇಗೆ ಸತ್ತ ಎಂಬುದನ್ನು ಈಗ ಬರೆಯಬೇಕು. ತಮ್ಮ ದಾಖಲೆಯಲ್ಲಿ 'ಹಠಾತ್ ಅನಾರೋಗ್ಯ' ಎಂದಿದೆ. ಆಗಸ್ಟ್ ತಿಂಗಳು, ದಿನಕ್ಕೆ ಎರಡು ಹೊತ್ತು ಅಭ್ಯಾಸ, ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡು. ಅಭ್ಯಾಸದ ಹೊತ್ತಿನಲ್ಲಿ ನೀರು ಕೊಡುವಂತಿಲ್ಲ. ನೀರು ಕುಡಿದವನು ಮೆತ್ತಗಾಗುತ್ತಾನೆ ಎಂಬ ನಂಬಿಕೆ. ಬದಲಿಗೆ ಉಪ್ಪಿನ ಗುಳಿಗೆ ನುಂಗಿಸುತ್ತಿದ್ದರು. ನಮ್ಮ ಕೋಚ್ ಒಬ್ಬರೇ ಅಲ್ಲ, ಅಂದು ಎಷ್ಟೋ ಕೋಚ್‌ಗಳು ಹೀಗೇ ಮಾಡುತ್ತಿದ್ದರು. ಈಗ ತಮ್ಮ ಹೆಬ್ಬಾಗಿಲಲ್ಲಿ ಕಂಚಿನ ಪ್ರತಿಮೆಯಾಗಿ ನಿಂತಿರುವ ಆ ಮನುಷ್ಯ ನಮ್ಮ ಮನೆಗೆ ಬಂದು, ಅಮ್ಮನ ಎದುರು ಕೂತು ಅತ್ತು ಹೋದರು. ಅವರನ್ನು ದ್ವೇಷಿಸಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಏಕೆಂದರೆ ಆ ನಂಬಿಕೆ ನನಗೂ ಇತ್ತು.

ಸಾಯುವ ವಾರದ ಭಾನುವಾರ ಜೀನ್ ಮನೆಗೆ ಬಂದಿದ್ದ. ತುಟಿ ಒಡೆದಿತ್ತು. ಜಗುಲಿಯಲ್ಲಿ ಕೂತು, "ನೀರೇ ಕೊಡಲ್ಲ ಕಣೇ ವೆರಾ. ನಿನ್ನೆ ಕೇಳ್ದೆ, ಇನ್ನೊಂದು ಸುತ್ತು ಓಡಿಸಿದ್ರು. ಯಾರೋ ಮುಖ ಒರೆಸಿ ಹುಲ್ಲ ಮೇಲೆ ಎಸ್ದಿದ್ದ ಒದ್ದೆ ಟವೆಲ್ ಹೀರ್ಕೊಂಡೆ" ಎಂದ. ನಾನು ಏನು ಹೇಳಿದೆ ಗೊತ್ತೇ? "ಎಲ್ರೂ ತಡ್ಕೊಳ್ತಾರಲ್ಲೋ. ನಿಂದೊಂದೇನು ಚಿನ್ನದ ಗಂಟಲಾ?" ಎಂದೆ. ಅವನು ನಕ್ಕ. ಬುಧವಾರ ಮಧ್ಯಾಹ್ನ ಮೈದಾನದ ಮಧ್ಯೆ ಕುಸಿದುಬಿದ್ದ. ಗುರುವಾರ ಬೆಳಿಗ್ಗೆ ಹೋಗಿಬಿಟ್ಟ. ಆ ಒಂದು ಮಾತನ್ನು ಹೊತ್ತುಕೊಂಡು ನಾನು ಅರವತ್ತು ವರ್ಷ ಬದುಕಿದ್ದೇನೆ. ಮದುವೆಯಾದೆ, ಮಕ್ಕಳನ್ನು ಹೆತ್ತೆ, ಗಂಡನನ್ನು ಕಳೆದುಕೊಂಡೆ. ಆದರೂ ಇಂದಿಗೂ ಯಾರಾದರೂ ನೀರು ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ತರಲು ಓಡುತ್ತೇನೆ.

ಕಾಲೇಜು ಏನನ್ನೂ ಒಪ್ಪಿಕೊಳ್ಳಲಿಲ್ಲ. ಯಾರೂ ಕ್ಷಮೆ ಕೇಳಲಿಲ್ಲ, ಕಲ್ಲು ನೆಡಲಿಲ್ಲ. ಅವನು ನೀರಿಲ್ಲದೆ ಸತ್ತ ಎಂಬುದಕ್ಕೆ ಈ ಲೋಕದಲ್ಲಿ ಇದ್ದ ಸಾಕ್ಷಿ ಆ ಬಟ್ಟೆಯ ತುಂಡು ಒಂದೇ. ಅದನ್ನೂ ತಾವು ಕಲ್ಲಿದ್ದಲು ಮಾಡಿಬಿಟ್ಟಿರಿ.

ಕಳೆದ ತಿಂಗಳು ತಮ್ಮ ಕಚೇರಿಗೂ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಬಾಗಿಲ ಬಳಿ ಬಂದವರನ್ನು ವಿಚಾರಿಸಿಕೊಳ್ಳುವ ಹುಡುಗಿ ನನ್ನ ಕಥೆಯನ್ನೆಲ್ಲ ಕೇಳಿ, ನಿಜವಾಗಿಯೂ ಕಣ್ಣು ಒರೆಸಿಕೊಂಡಳು. "ತುಂಬಾ ಬೇಜಾರಾಯ್ತು ಮೇಡಂ. ಆದ್ರೆ ಜೆರ್ಸಿ ಎಲ್ಲಾ ರೆಡಿಯಾಗ್ಹೋಗಿದೆ. ನಿಮ್ ಅನಿಸಿಕೆ ಈ ಫಾರಂನಲ್ಲಿ ಬರ್ಕೊಡ್ತೀರಾ?" ಎಂದಳು. ಫಾರಂನಲ್ಲಿ ಬರೆಯಲು ಜಾಗವೇ ಇರಲಿಲ್ಲ. ಹಳೆಯ ಜೆರ್ಸಿ ತಮಗೆ ಎಷ್ಟು ಇಷ್ಟವಾಯಿತು, ಒಂದರಿಂದ ಐದು ನಕ್ಷತ್ರದೊಳಗೆ ಗುರುತು ಮಾಡಿ ಎಂದಿತ್ತು. ಗೋಡೆಗೆ ತೂಗುಹಾಕಿದ್ದ ಮಾದರಿಯನ್ನು ಮುಟ್ಟಿ ನೋಡಿದೆ. ಹೊಲಿಗೆ ನನ್ನದಕ್ಕಿಂತ ನೇರವಾಗಿತ್ತು. ಮೂರು ನಕ್ಷತ್ರ ಕೊಟ್ಟು ಬಂದೆ.

ಈಗ ನನ್ನ ಬೇಡಿಕೆ. ಪಟ್ಟಿ ಕಿತ್ತುಹಾಕಿ ಎಂದು ನಾನು ಕೇಳುವುದಿಲ್ಲ, ತಾವು ಕೀಳುವುದೂ ಇಲ್ಲ. ಎರಡೂ ತೋಳಿಗೆ ಇರಲಿ, ಬೇಕಾದರೆ ಚಡ್ಡಿಗೂ ಹಾಕಿಸಿ. ಆಟ ಶುರುವಾಗುವ ಮೊದಲು ಧ್ವನಿವರ್ಧಕದಲ್ಲಿ ಇಷ್ಟನ್ನು ಓದಿಸಿ: "ಈ ಕಪ್ಪು ಪಟ್ಟಿ ಯೂಜೀನ್ ಹ್ರುಸ್ಕಾ ಅವರದು. ವಯಸ್ಸು ಹತ್ತೊಂಬತ್ತು. ಇದೇ ಮೈದಾನದಲ್ಲಿ ನೀರು ಕೇಳಿದರು, ಕೊಡಲಿಲ್ಲ." ಅಡುಗೆಮನೆಯ ಗಡಿಯಾರ ನೋಡಿಕೊಂಡು ಓದಿದ್ದೇನೆ, ಒಂಬತ್ತು ಸೆಕೆಂಡು ಹಿಡಿಯುತ್ತದೆ. ಟಯರ್ ಅಂಗಡಿಯ ಜಾಹೀರಾತಿಗೆ ತಾವು ಇದರ ನಾಲ್ಕು ಪಟ್ಟು ಹೊತ್ತು ಕೊಡುತ್ತೀರಿ.

ತಾವು ಓದಿಸುವುದಿಲ್ಲ ಎಂದು ನನಗೆ ಗೊತ್ತು. ತಮ್ಮ ವಕೀಲರು ಬಿಡುವುದಿಲ್ಲ. ತಮ್ಮನ್ನು ಬಗ್ಗಿಸಲು ನನ್ನ ಬಳಿ ಹಣವಿಲ್ಲ, ಹೆಸರಿಲ್ಲ, ಆಧಾರವಿಲ್ಲ. ವಯಸ್ಸೂ ಉಳಿದಿಲ್ಲ.

ಆದರೂ ಆ ಶನಿವಾರ ನಾನು ಬರುತ್ತೇನೆ. ಗ್ಲೆನ್ ಟಿಕೆಟ್ ತಂದುಕೊಟ್ಟಿದ್ದಾನೆ. ಜೀನ್ ಸತ್ತಾಗ ಅವನಿಗಾಗಿ ಕಪ್ಪು ತೊಟ್ಟವರು ಮೂವತ್ತೆಂಟು ಹುಡುಗರು ಮತ್ತು ನಮ್ಮಮ್ಮ. ಈ ಸಲ ಇಪ್ಪತ್ತು ಸಾವಿರ ಅಭಿಮಾನಿಗಳು ಆ ಜೆರ್ಸಿ ಕೊಂಡು ತೊಟ್ಟು ಬರುತ್ತಾರಂತೆ. ಯಾರಿಗಾಗಿ ಎಂದು ಅವರಿಗೆ ಗೊತ್ತಿಲ್ಲದಿದ್ದರೆ ಹೋಗಲಿ. ನನಗೆ ಗೊತ್ತಿದೆ. ಕಣ್ತುಂಬ ನೋಡುತ್ತೇನೆ.

ಇಂತಿ,
ಆಟಕ್ಕೆ ಮೊದಲು ದಕ್ಷಿಣದ ಸ್ಟ್ಯಾಂಡಿನ ಹದಿನಾಲ್ಕನೇ ಸಾಲಿನಲ್ಲಿ ಒಂಬತ್ತು ಸೆಕೆಂಡು ಒಬ್ಬಳೇ ಎದ್ದು ನಿಲ್ಲಲಿರುವ,
ಯೂಜೀನ್‌ನ ಅಕ್ಕ ವೆರೋನಿಕಾ