ನನ್ನ ಸಹಿ, ಅವಳ ಕೈ

ಹದಿನಾಲ್ಕನೇ ತಾರೀಕು,
ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಅನ್ನುವುದು ಕಾಗದದ ಮೇಲೆ ಮಾತ್ರ. ನಿಜವಾಗಿ ಅಡ್ಡಬಿದ್ದರೆ ಎಬ್ಬಿಸಿ ನಿಲ್ಲಿಸುವುದಕ್ಕೆ ಇನ್ನೊಂದು ಆಳು ಬೇಕಾಗುತ್ತದೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲ ಅಂತ ನೀನು ಮುಖ ಊದಿಸಿಕೊಂಡಿರುತ್ತೀಯ, ನನಗೆ ಇಲ್ಲಿಂದಲೇ ಕಾಣುತ್ತಿದೆ. ಏನು ಮಾಡಲಿ ಹೇಳು, ಪೆನ್ನು ಕೈಗೆತ್ತಿಕೊಂಡಾಗಲೆಲ್ಲ ಬ್ಯಾಂಕಿನವರಿಗೆ ಏನಾದರೂ ಬರೆದುಕೊಡುವ ಕೆಲಸ ಇರುತ್ತಿತ್ತು. ‘ನಿನ್ನ ಹೆಂಡತಿಗೆ ನನ್ನ ಮೇಲೆ ಏನೋ ಕೋಪ? ಫೋನ್ ಮಾಡಿದರೆ ಚೆನ್ನಾಗಿದ್ದೀರಾ, ಊಟ ಆಯ್ತಾ ಅಂತ ಕೇಳಿ ನಿನ್ನ ಕೈಗೆ ಕೊಟ್ಟುಬಿಡ್ತಾಳೆ. ಒಂದು ಸಲವಾದರೂ ಬಾಯಿತುಂಬ ಅತ್ತಿಗೆ ಅಂತ ಕರೆಯಬಾರದಾ?’ ಅಂತ ಬರೆದಿದ್ದೀಯ. ಕೋಪ ಗೀಪ ಏನೂ ಇಲ್ಲ ಅಕ್ಕಾ. ಆ ಮಾತು ಆಮೇಲೆ. ಮೊದಲು ಬ್ಯಾಂಕಿನ ಪುರಾಣ ಮುಗಿಸುತ್ತೇನೆ.

ನಮ್ಮಂಥ ಹೊರಗಿನ ನಿವೃತ್ತರು ಈ ದೇಶದಲ್ಲಿ ಇರಬೇಕಾದರೆ ಪರವಾನಗಿ ಬೇಕು, ವರ್ಷವರ್ಷವೂ ಹೊಸದು ಮಾಡಿಸಬೇಕು. ಇದುವರೆಗೆ ನನ್ನ ಪಿಂಚಣಿ ನಮ್ಮೂರಿನ ಬ್ಯಾಂಕಿಗೆ ಬರುತ್ತಿತ್ತು, ಇಲ್ಲಿ ಕಾರ್ಡು ತೂರಿಸಿ ತೆಗೆಯುತ್ತಿದ್ದೆ. ಈಗ ಹೊಸ ಕಾನೂನು: ಪಿಂಚಣಿ ಇಲ್ಲಿನ ಖಾತೆಗೇ ಬಂದು ಬೀಳಬೇಕು. ತಿಂಗಳ ಕೊನೆಯೊಳಗೆ ಖಾತೆ ಆಗದಿದ್ದರೆ ಗಂಟುಮೂಟೆ ಕಟ್ಟು, ಊರಿಗೆ ನಡಿ.

ಬ್ಯಾಂಕಿಗೆ ಹೋದೆ. ಗಾಜಿನ ಆಚೆ ಒಬ್ಬಾಕೆ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ನೇತುಹಾಕಿಕೊಂಡವಳು. ನಾನು ಕನ್ನಡಕದಮ್ಮ ಅಂತ ಹೆಸರಿಟ್ಟಿದ್ದೇನೆ. ಅವಳದೂ ಹರಕು ಇಂಗ್ಲಿಷು, ನನ್ನದೂ ಹರಕು ಇಂಗ್ಲಿಷು, ಎರಡನ್ನೂ ಸೇರಿಸಿ ಹೊಲಿದರೆ ಹೇಗೋ ಮಾತಾಗುತ್ತದೆ. ನಿನಗೆ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

‘ಮನೆ ಬಾಡಿಗೆ ಕರಾರು ತನ್ನಿ’ ಅಂದಳು. ಮನೆ ಒಡತಿ ನಮ್ಮ ಕೆಳಗಡೆ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದಾಳೆ. ಅವಳನ್ನು ಕೇಳಿದರೆ, ‘ಕರಾರು ಬರೆಯೋಕೆ ನಿಮಗೆ ಇಲ್ಲಿನ ಬ್ಯಾಂಕ್ ಖಾತೆ ಇರಬೇಕಲ್ಲಾ ಸ್ವಾಮಿ’ ಅಂದಳು. ಪಾಳಿಯಲ್ಲಿ ಕೂತು ಬೇಜಾರಾಗಿ ಎರಡು ಸಾಲು ಕಟ್ಟಿದೆ, ಬಿ.ಎ. ಓದಿದ್ದು ಕನ್ನಡದಲ್ಲಲ್ಲವೇ, ಅಷ್ಟಾದರೂ ದಕ್ಕಬೇಕು:

ಖಾತೆ ಇದ್ದರೆ ಮನೆಯಂತೆ, ಮನೆ ಇದ್ದರೆ ಖಾತೆಯಂತೆ;
ನಡುವೆ ನಿಂತ ಮುದಿತಮ್ಮ ಬಾಲ ಸಿಕ್ಕ ಕೋತಿಯಂತೆ.

ಕಡೆಗೆ ಮನೆ ಒಡತಿಗೇ ಕನಿಕರ ಹುಟ್ಟಿ, ಒದ್ದೆ ಕೈ ಒರೆಸಿಕೊಳ್ಳುತ್ತಾ ನನ್ನ ಜೊತೆ ಬಂದಳು. ‘ಇವರು ನನ್ನ ಮನೇಲೇ ಇರೋದು. ದಿನಾ ಬೆಳಗ್ಗೆ ಸ್ನಾನದ ಮನೇಲಿ ಹಾಡ್ತಾರೆ. ಕೆಟ್ಟದಾಗಿ ಹಾಡ್ತಾರೆ. ಇನ್ನೇನು ಸಾಕ್ಷಿ ಬೇಕು?’ ಅಂದಳು. ಕನ್ನಡಕದಮ್ಮ ಮೊದಲ ಸಲ ನಕ್ಕಳು, ಠಸ್ಸೆ ಒತ್ತಿದಳು. ಹಾಡು ಕಲಿತದ್ದಕ್ಕೆ ಇಷ್ಟು ವರ್ಷಕ್ಕೆ ಒಂದು ಪ್ರಯೋಜನವಾಯಿತು.

ಆಮೇಲೆ ಸಹಿ. ನಾನು ಹಾಕಿದೆ. ಅವಳು ಕನ್ನಡಕ ಏರಿಸಿ ಪಾಸ್‌ಪೋರ್ಟು ನೋಡಿದಳು, ಕಾಗದ ನೋಡಿದಳು, ನನ್ನನ್ನು ನೋಡಿದಳು.

‘ಇದು ನೀವಲ್ಲ.’

‘ನಾನೇ ತಾಯೀ.’

‘ಮುಖ ನಿಮ್ಮದೇ. ಸಹಿ ನಿಮ್ಮದಲ್ಲ. ಇದರಲ್ಲಿ ಬಳ್ಳಿ ಹಬ್ಬಿದ ಹಾಗಿದೆ. ನೀವು ಬರೆದದ್ದು ಮುಳ್ಳುಬೇಲಿ.’

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಿನಗೆ ಗೊತ್ತಲ್ಲ, ನನ್ನದು ಸದಾ ಊರೂರು ಸುತ್ತುವ ನೌಕರಿ. ಮನೆಗೆ ಬಂದ ರಿಜಿಸ್ಟರ್ ಟಪಾಲಿಗೆ, ಗ್ಯಾಸಿನ ಅರ್ಜಿಗೆ, ತೆರಿಗೆ ಕಾಗದಕ್ಕೆ, ಎಲ್ಲದಕ್ಕೂ ನನ್ನ ಸಹಿ ಹಾಕುತ್ತಿದ್ದವಳು ನನ್ನ ಹೆಂಡತಿಯೇ. ‘ನಿಮ್ಮ ಸಹಿ ನಿಮಗಿಂತ ನನಗೇ ಚೆನ್ನಾಗಿ ಬರುತ್ತೆ, ನೀವು ಸುಮ್ಮನೆ ಟೂರಿಗೆ ಹೋಗಿ’ ಅನ್ನುತ್ತಿದ್ದಳು. ಪಾಸ್‌ಪೋರ್ಟಿಗೂ ಅವಳೇ ಹಾಕಿದ್ದಳು. ನನಗೆ ಅದು ಮರೆತೇ ಹೋಗಿತ್ತು. ಹೀಗೆ, ಈ ವಯಸ್ಸಿನಲ್ಲಿ, ನಾನು ನಾನೇ ಅಂತ ಸಾಬೀತು ಮಾಡಲು ನನ್ನ ಹೆಂಡತಿಯ ಹತ್ತಿರ ಕಾಪಿ ಬರೆಯುವುದು ಕಲಿಯಬೇಕಾಯಿತು.

ಮನೆಗೆ ಬಂದು ಊಟದ ಮೇಜಿನ ಮೇಲೆ ಹಳೆಯ ಕ್ಯಾಲೆಂಡರ್ ಮಗುಚಿ ಹಾಕಿದೆವು. ‘ಇದನ್ನು ಒಂದು ಸಲ ಬರಿ ನೋಡೋಣ’ ಅಂದೆ. ಪಾಸ್‌ಪೋರ್ಟು ನೋಡಲೂ ಇಲ್ಲ ಅವಳು. ಕಣ್ಣು ಮಿಟುಕಿಸುವುದರೊಳಗೆ ಬರೆದಳು, ಬಾಲ, ಸುರುಳಿ, ಕೊನೆಯ ಚುಕ್ಕಿ ಸಮೇತ. ನಾನು ಅದರ ಕೆಳಗೆ ತಿದ್ದಿದೆ. ‘ಅಯ್ಯೋ, ಹಾಗೆ ಅದುಮಬೇಡಿ, ಅಕ್ಷರಕ್ಕೆ ಉಸಿರು ಕಟ್ಟುತ್ತೆ. ಮಣಿಕಟ್ಟು ಸಡಿಲ ಬಿಡಿ. ಹಾಂ, ಈಗ ಬಾಲ ಎಳೀರಿ... ಅದು ಬಾಲವಾ? ಇಲಿ ಕಡಿದ ಹಾಗಿದೆ!’ ನನ್ನ ಕೈ ಹಿಡಿದು ತಿದ್ದಿಸಿದಳು. ಎಷ್ಟು ನಕ್ಕಳು ಅಂತೀಯ, ಮೊದಲಿನ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ. ಅವತ್ತಿನ ಮಧ್ಯಾಹ್ನ ಮುಗಿಯಬಾರದು ಅನ್ನಿಸಿತು. ಸಹಿ ಕೂಡಿ ಬಂದ ಮೇಲೂ ಬೇಕಂತಲೇ ಇನ್ನೊಂದಷ್ಟು ಕೆಡಿಸಿದೆ.

ಶುಕ್ರವಾರ ಇಬ್ಬರೂ ಹೋದೆವು. ಜಂಟಿ ಖಾತೆ ಮಾಡಿಸಬೇಕು ಅನ್ನುವುದು ನನ್ನ ಹಟ. ನಮಗೆ ಮಕ್ಕಳಿಲ್ಲ, ನನಗೇನಾದರೂ ಆದರೆ ಅವಳು ಯಾರ ಮುಂದೆಯೂ ಕೈ ಚಾಚದೆ ಬದುಕಬೇಕಲ್ಲ. ನನ್ನ ಸಹಿ ಒಂದೇ ಏಟಿಗೆ ಪಾಸಾಯಿತು. ‘ಈಗ ನೀವು ನೀವೇ’ ಅಂದಳು ಕನ್ನಡಕದಮ್ಮ. ನನ್ನವಳ ಸರದಿ ಬಂದಾಗ ಮಾತ್ರ ಕೈನೋವು ಅಂದಳು. ಹಾಗಾಗಿ ಖಾತೆ ನನ್ನೊಬ್ಬನ ಹೆಸರಿನಲ್ಲೇ ಆಯಿತು. ಇರಲಿ, ಪರವಾನಗಿಗೆ ಅಷ್ಟು ಸಾಕು. ಇನ್ನೊಂದು ವರ್ಷ ಇಲ್ಲಿಂದ ನಮ್ಮನ್ನು ಯಾರೂ ಏಳಿ ಅನ್ನುವ ಹಾಗಿಲ್ಲ.

ಸಾಕಾಗಿದೆ ಅಕ್ಕಾ. ಕಾಲಲ್ಲ, ಸೊಂಟವಲ್ಲ, ಎಲ್ಲಿ ಸಾಕಾಗಿದೆ ಅಂತ ತೋರಿಸಲು ಬಾರದಂಥ ಕಡೆ ಸಾಕಾಗಿದೆ. ನಿನ್ನ ಮಂಡಿ ಹೇಗಿದೆ? ಭಾವನಿಗೆ ಸಕ್ಕರೆ ಕಡಿಮೆ ಮಾಡಲು ಹೇಳು, ಸಿಹಿ ಡಬ್ಬಿಯ ಮೇಲೆ ನೀನೇ ಕೂತುಕೋ. ದೊಡ್ಡವಳು ನೀನು, ಆಶೀರ್ವಾದ ಮಾಡು. ಅದರಲ್ಲಿ ಅವಳಿಗೊಂದು ಪಾಲು ಹೆಚ್ಚಿಗೆ ಇರಲಿ.

ಇತಿ ನಿನ್ನ
ತಮ್ಮ

ಮರೆತ ವಿಷಯ: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಕೈನೋವು ಸುಳ್ಳು. ಅವಳು ಹೇಳಿದ್ದಲ್ಲ, ನಾನು ಹೇಳಿದ್ದು. ಅವಳು ಪೆನ್ನು ತೆಗೆದುಕೊಂಡು ಚಕಚಕನೆ ಸಹಿ ಮಾಡಿದಳು, ನನ್ನ ಹೆಸರನ್ನು. ‘ನಿಮ್ಮ ಹೆಸರು ಬರೀರಿ ಅಮ್ಮಾ’ ಅಂದಳು ಕನ್ನಡಕದಮ್ಮ. ಮತ್ತೆ ನನ್ನದೇ. ಮೂರನೆಯ ಸಲ ಪೆನ್ನು ಮೇಲೆತ್ತಿ ಹಿಡಿದು ನನ್ನ ಕಡೆ ನೋಡಿದಳು. ಅವಳ ಹೆಸರು ಅವಳಿಗೆ ನೆನಪಿಗೆ ಬರಲಿಲ್ಲ ಅಕ್ಕಾ. ಅದಕ್ಕೇ ಕೈನೋವು ಅಂತ ಪೆನ್ನು ಇಸಿದುಕೊಂಡೆ. ವಾಪಸ್ಸು ಬರುವಾಗ ದಾರಿಯಲ್ಲಿ, ‘ಅಷ್ಟು ಚೆಂದ ಬರೆದೆನಲ್ಲಾ, ಅದು ಯಾರ ಹೆಸರು?’ ಅಂತ ಕೇಳಿದಳು.

ಫೋನಿನಲ್ಲಿ ಅತ್ತಿಗೆ ಅನ್ನದಿದ್ದದ್ದು ಕೋಪಕ್ಕಲ್ಲ. ಯಾರ ಜೊತೆ ಮಾತಾಡುತ್ತಿದ್ದೇನೆ ಅಂತ ಗೊತ್ತಾಗದವರು ಇನ್ನೇನು ಕೇಳಬೇಕು, ಊಟ ಆಯ್ತಾ ಅಂತಲೇ ಕೇಳಬೇಕು. ಸಮುದ್ರದ ಗಾಳಿ ಅವಳಿಗೆ ಒಳ್ಳೆಯದು ಅಂತ ನಿಮಗೆಲ್ಲ ಹೇಳಿ ಬಂದೆ. ಊರಿನಲ್ಲಿ ಮದುವೆಮನೆಗೆ ಹೋದರೆ ಸಾಕು, ಒಬ್ಬೊಬ್ಬರೂ ಅವಳ ಗಲ್ಲ ಹಿಡಿದು ‘ನಾನ್ಯಾರು ಹೇಳಿ ನೋಡೋಣ’ ಅಂತ ಶುರುಮಾಡುತ್ತಿದ್ದರು. ತಿಳಿಯದೆ ಅವಳು ನಗುತ್ತಾ ನಿಲ್ಲುತ್ತಿದ್ದಳು. ಅದನ್ನು ನೋಡಲಾರದೆ, ಯಾರ ಗುರುತೂ ಇರಬೇಕಾಗಿಲ್ಲದ ಜಾಗ ಹುಡುಕಿ ಕರೆದುಕೊಂಡು ಬಂದೆ. ಇಲ್ಲಿ ಅವಳೊಬ್ಬಳಿಗೇ ಅಲ್ಲ, ನನಗೂ ಯಾರೂ ಗೊತ್ತಿಲ್ಲ.

ನೀನು ಒಮ್ಮೆ ಬಾ. ಬಂದವಳು ‘ನಾನ್ಯಾರು ಹೇಳು’ ಅಂತ ಮಾತ್ರ ಕೇಳಬೇಡ. ‘ನಾನು ನಿನ್ನ ಅತ್ತಿಗೆ’ ಅಂತ ನೀನೇ ಹೇಳಿ ಪಕ್ಕದಲ್ಲಿ ಕೂತುಕೋ. ಎಷ್ಟು ಸಲ ಬೇಕಾದರೂ ಹೇಳು. ನಾನೂ ಈಗ ಹಾಗೆಯೇ ಹೇಳುತ್ತಿದ್ದೇನೆ.