ಬೆಂಡು ಕಾಣದ ಭಾನುವಾರ

೪ ಮಾರ್ಚ್, ಮಂಗಳವಾರ

ಬೆಳಿಗ್ಗೆಯಿಂದ ಹನ್ನೊಂದು ಕನ್ನಡಕಕ್ಕೆ ಸ್ಕ್ರೂ ಹಾಕಿದೆ. ಬೆರಳು ಸೋತಿವೆ.

ಮಧ್ಯಾಹ್ನ ಗೆಳೆಯ ಗೂಟ ಅಂಗಡಿಗೆ ಬಂದ. ಲೈಸೆನ್ಸ್ ರಿನ್ಯೂ ಆಯ್ತಂತೆ. ಸ್ಕೂಲ್ ಬಸ್ಸು ಇನ್ನೂ ಅವನ ಕೈಯಲ್ಲೇ. ಲೈಸೆನ್ಸ್ ಆಫೀಸಿನಲ್ಲಿ ಕಣ್ಣಿನ ಪರೀಕ್ಷೆಗೆ ಇಟ್ಟ ಚಾರ್ಟೂ ನಮ್ಮ ಗೋಡೆಯ ಮೇಲಿನ ಚಾರ್ಟೂ ಒಂದೇ. ಕೆಳಗಿನ ಮೂರು ಸಾಲಿನ ಅಕ್ಷರ ಮೊದಲೇ ಚೀಟಿಯಲ್ಲಿ ಬರೆದುಕೊಟ್ಟ ಪುಣ್ಯಾತ್ಮ ನಾನು. “ಸ್ವಲ್ಪ ಮಂಜು ಕಣೋ, ಅಷ್ಟೇ” ಅಂದಿದ್ದ. ಮೂವತ್ತು ವರ್ಷದ ಸ್ನೇಹ. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ.

ಯಾವತ್ತಾದ್ರೂ ಗಾಳ ಹಾಕೋಣ ಅಂದ. ಆಗಲಿ ಅಂದೆ.

೧೬ ಮಾರ್ಚ್, ಭಾನುವಾರ, ಸಂಜೆ ಆರು

ಗೂಟನ ಜೊತೆ ಗಾಳ ಹಾಕಿ ಈಗಷ್ಟೇ ಬಂದೆ. ಕೈಯಲ್ಲಿ ಮೀನಿನ ವಾಸನೆ. ತೊಳೆದರೂ ಹೋಗಿಲ್ಲ.

ಊರಾಚೆ ಕಲ್ಲು ತೆಗೆದು ಬಿಟ್ಟ ಗುಂಡಿ. ನಾವು ಹುಡುಗರಾಗಿದ್ದಾಗಿನಿಂದ ಅದೇ ನೀರು, ಅದೇ ಬಂಡೆ. ಕೂತರೆ ಸಂಜೆವರೆಗೂ ಏಳದವನು, ಅದಕ್ಕೇ ಅವನಿಗೆ ಗೂಟ ಅಂತ ಹೆಸರು.

ಎರೆಹುಳು ಚುಚ್ಚಲು ನಾಲ್ಕು ಸಲ ಒದ್ದಾಡಿದ. ಹೆಬ್ಬೆರಳಿಗೆ ಗಾಳ ನಾಟಿತು. “ಈ ಹುಳಾನೇ ಕುಣಿಯುತ್ತೆ ಕಣೋ” ಅಂತ ನಕ್ಕ. ನಾನೂ ನಕ್ಕೆ.

ಅವನ ಗಾಳದ ಬೆಂಡು ನಾಲ್ಕೇ ಮಾರು ದೂರದಲ್ಲಿತ್ತು, ತುದಿಗೆ ಕಡುಗೆಂಪು ಬಣ್ಣ. ಒಮ್ಮೆಲೇ ಮುಳುಗಿತು. ಇವನು ಅದನ್ನೇ ದಿಟ್ಟಿಸುತ್ತಿದ್ದಾನೆ. “ಏನೋ ಇವತ್ತು ಕಚ್ತಾನೇ ಇಲ್ವಲ್ಲ!” ಕೋಲು ಅದುರಿದ ಮೇಲೆ ಎತ್ತಿದ. ಅಂಗೈ ಉದ್ದದ ಮೀನು.

ತಪ್ಪು ಅಂತ ಗೊತ್ತು, ಆದರೂ ಪರೀಕ್ಷೆ ಮಾಡಿದೆ.

“ಆ ದಡದಲ್ಲಿ ಬಾತುಕೋಳಿ ನೋಡೋ.”

“ಹೂಂ... ಎಷ್ಟ್ ಚೆನ್ನಾಗಿದೆ ಅಲ್ವಾ.”

ಅಲ್ಲಿ ಬರೀ ಕಲ್ಲು. ಬಾತುಕೋಳಿ ಇರಲಿಲ್ಲ.

“ಡಾಕ್ಟರ್‌ಗೆ ತೋರ್ಸೋ” ಅಂದೆ.

“ತೋರ್ಸಿದೀನಿ. ಪೊರೆ ಅಂತೆ. ಆಪರೇಷನ್ ಅಂತ ರಜೆ ಹಾಕಿದ್ರೆ ಬಸ್ಸು ಇನ್ನೊಬ್ಬನಿಗೆ ಹೋಗುತ್ತೆ. ಆಮೇಲೆ ನನ್ನನ್ನ ಯಾರೋ ಕೇಳ್ತಾರೆ? ರೂಟ್ ಎಲ್ಲಾ ನಂಗೆ ಬಾಯಿಪಾಠ ಕಣೋ, ಸುಮ್ನಿರು.”

ಬಾಯಿಪಾಠ! ರಸ್ತೆ ಬಾಯಿಪಾಠ ಇರಬಹುದು. ಅಡ್ಡ ಓಡಿ ಬರುವವರು? ಇನ್ನೊಂದು ಹುಳು ಚುಚ್ಚಿಕೊಟ್ಟೆ.

ಬಸ್ಸಿನಲ್ಲಿ ಮೂವತ್ನಾಲ್ಕು ಮಕ್ಕಳು. ಅವರಲ್ಲಿ ನನ್ನ ಮಗಳು ಪುಟ್ಟಿಯೂ ಒಬ್ಬಳು.

೧೯ ಮಾರ್ಚ್, ಬುಧವಾರ

ಎರಡು ದಿನ ಬರೆಯಲಿಲ್ಲ. ಮೂರು ದಿನವೂ ಪುಟ್ಟಿ ಅದೇ ಬಸ್ಸಿನಲ್ಲಿ ಹೋಗಿ ಬಂದಳು. ಅಂಗಡಿಯಲ್ಲಿ ಯಾರ ಫೋನ್ ರಿಂಗಾದರೂ ಬಾಗಿಲಿಗೆ ಬಂದು ರಸ್ತೆ ನೋಡುತ್ತೇನೆ. ಎರಡು ಕನ್ನಡಕಕ್ಕೆ ಎಡ ಬಲ ಅದಲುಬದಲಾಗಿ ಗಾಜು ಹಾಕಿ ಬೈಸಿಕೊಂಡೆ.

ಬಸ್ಸಿನ ಎಡಗಡೆ ಕನ್ನಡಿ ಇಲ್ಲ. “ಯಾವನೋ ಒಡೆದು ಹೋಗಿದಾನೆ” ಅಂತಾನೆ.

ಹೇಳಿದರೆ ಅವನ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಹೇಳದಿದ್ದರೆ... ಥೂ, ಬರೆಯಲೂ ಭಯ.

೨೦ ಮಾರ್ಚ್, ಗುರುವಾರ, ಬೆಳಿಗ್ಗೆ ೭.೪೦

ಪುಟ್ಟಿಯನ್ನು ಕಳಿಸಲಿಲ್ಲ. ಜ್ವರ ಅಂದೆ. ಹೆಂಡತಿ ಅವಳ ಹಣೆ ಮುಟ್ಟಿ, ನನ್ನ ಹಣೆ ಮುಟ್ಟಿ, “ನಿಮಗೇ ಬಂದಿರ್ಬೇಕು” ಅಂದಳು.

ಬಸ್ಸು ಬಂತು. ಗೇಟಿಗೆ ನಾನೊಬ್ಬನೇ ಹೋದೆ.

“ಪುಟ್ಟಿ ಎಲ್ಲೋ?”

“ಜ್ವರ.”

“ನಿನ್ನೆ ಸಂಜೆ ಕುಣ್ಕೊಂಡು ಇಳಿದ್ಲಲ್ಲೋ!”

ನೆಲ ನೋಡಿದೆ. ನನ್ನ ಮುಖ ಅವನಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಇಂಜಿನ್ ಆಫ್ ಮಾಡಿದ. ಹಿಂದೆ ಮಕ್ಕಳ ಗಲಾಟೆ. ತುಂಬ ಮೆಲ್ಲಗೆ ಕೇಳಿದ —

“ನಿನ್ನ ಮಗಳನ್ನ ಮಾತ್ರ ಇಳಿಸ್ಕೊಂಡ್ಯಾ?”

ನಾಚಿಕೆಯಿಂದ ಸತ್ತುಹೋದೆ.

ಕೀ ತೆಗೆದು ನನ್ನ ಕೈಗಿಟ್ಟ. “ಸ್ಕೂಲಿಗೆ ಫೋನ್ ಮಾಡು. ಬೇರೆ ಡ್ರೈವರ್ ಕಳಿಸ್ಲಿ. ನೀನೇ ಹೇಳು, ನನ್ ಕೈಲಾಗಲ್ಲ.” ಈಗ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದಾನೆ. ಹೆಂಡತಿ ನೀರು ಕೊಟ್ಟಳು, ಲೋಟ ಹಾಗೇ ಹಿಡಿದುಕೊಂಡಿದ್ದಾನೆ.

ಸ್ಕೂಲಿನ ನಂಬರ್ ಈ ಡೈರಿಯ ಕೊನೇ ಪುಟದಲ್ಲಿ ಬರೆದಿಟ್ಟಿದ್ದೆ. ಎರಡು ಸಲ ತಪ್ಪು ಒತ್ತಿದೆ. ಫೋನ್ ಕಿವಿಗಿಟ್ಟುಕೊಂಡೇ ಇದನ್ನು ಗೀಚುತ್ತಿದ್ದೇನೆ. ರಿಂಗ್ ಆಗುತ್ತಿದೆ... ಎತ್ತಿದರು. ಯಾರು ಮಾತಾಡೋದು ಅಂತ ಕೇಳುತ್ತಿದ್ದಾರೆ. ನಾನು, ಡ್ರೈವರ್‌ನ ಸ್ನೇಹಿತ, ಅಂದೆ.