ವಯೋಮಿತಿ ಸಡಿಲಿಕೆ

ಆಗಸ್ಟ್ 10, ಭಾನುವಾರ

ಮಗಳೇ,

ನಿನ್ನ ಅತ್ತೆಯ ಮೊಣಕಾಲು ಬಿಟ್ಟರೆ ಇಲ್ಲಿ ದೂರುವಂಥದ್ದು ಏನೂ ಇಲ್ಲ. ನೀನು ಚೆನ್ನಾಗಿದ್ದೀಯ ಎಂದು ಹೋದ ವಾರ ಫೋನಿನಲ್ಲಿ ನೀನೇ ಹೇಳಿದೆ. ದನಿ ಬೇರೇನೋ ಹೇಳಿತು, ಆದರೂ ನಿನ್ನ ಮಾತನ್ನೇ ನಂಬಿದ್ದೇನೆ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಅಲ್ಲಿ ನೀನು ನಡುವೆ "ಬೇಡ ಮಾವ" ಅಂದುಬಿಟ್ಟರೆ ನನಗೆ ಮುಂದೆ ಮಾತೇ ಹೊರಡುವುದಿಲ್ಲ. ಕಾಗದಕ್ಕೆ ಆ ತೊಂದರೆ ಇಲ್ಲ. ಅಲ್ಲದೆ ವಿಚಾರಿಸದೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ತಲೆ ನೆರೆಸಿಕೊಂಡವನು ನಾನು. ದಿನಾ ಹೇಳುವ ಬಸ್ಸಿನ ಸಮಯವನ್ನೂ ವೇಳಾಪಟ್ಟಿಯ ಮೇಲೆ ಬೆರಳಿಟ್ಟು ನೋಡಿಯೇ ಹೇಳುತ್ತಿದ್ದೆ. ಹೊಸಬರು, "ಇನ್ನೂ ಬಾಯಿಪಾಠ ಆಗಿಲ್ವಾ ಯಜಮಾನ್ರೇ?" ಎಂದು ನಗುತ್ತಿದ್ದರು. ಆಗಿತ್ತು. ಬಾಯಿಪಾಠವನ್ನು ನಂಬಿದವನೇ ಒಂದು ದಿನ ಯಾರನ್ನೋ ತಪ್ಪು ಬಸ್ಸಿಗೆ ಹತ್ತಿಸುತ್ತಾನೆ ಎಂಬುದೂ ನನಗೆ ಗೊತ್ತಿತ್ತು.

ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನ ಗುಮಾಸ್ತರ ಪರೀಕ್ಷೆಗೆ ಅರ್ಜಿ ಹಾಕಲು ಈ ತಿಂಗಳ ಇಪ್ಪತ್ತೊಂದು ಕೊನೆಯ ದಿನ. ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನವೇ ನಿನಗೆ ಹೇಳಿದೆ. ನೀನು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ನನಗೆ ವಯಸ್ಸು ದಾಟಿದೆ ಮಾವ. ಇರೋದು ಒಂದೇ ದಾರಿ, ವಿಧವೆ ಅನ್ನೋ ಕಡೆ ಗುರುತು ಹಾಕ್ಬೇಕು. ಅವರು ಹೋಗಿದ್ದನ್ನ ತೋರಿಸಿ ನಾನು ಕೆಲಸ ಕೇಳಲ್ಲ." ನಾನು "ಆಯ್ತಮ್ಮ" ಎಂದು ಫೋನ್ ಇಟ್ಟೆ. ಅದು ಒಪ್ಪಿಗೆಯಲ್ಲ, ಮರ್ಯಾದೆಗೆ ಹೇಳಿದ್ದು. ನಾನು ಒಪ್ಪಿಲ್ಲ.

ಈಗ ಪ್ರಕಟಣೆಯ ಮೇಲೆ ಬೆರಳಿಟ್ಟು ನೋಡೋಣ. ಯಾವುದೇ ಪದವಿ ಆಗಿರಬೇಕು ಎಂದಿದೆ. ನೀನು ಮದುವೆಯಾಗಿ ಬರುವಾಗಲೇ ವಾಣಿಜ್ಯ ಪದವಿ ತಂದಿದ್ದೆ. ಕಂಪ್ಯೂಟರ್ ತಿಳಿದಿರಬೇಕು ಎಂದಿದೆ. ಅದರ ಸರ್ಟಿಫಿಕೇಟ್ ನಿನ್ನ ಹತ್ತಿರ ಇದೆ, ಅದಕ್ಕಿಂತ ಹೆಚ್ಚಾಗಿ ನೀನು ಕೆಲಸ ಮಾಡುವ ಆ ಕಣ್ಣಾಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಇದೆ. ಒಂದು ದಿನ ನೀನು ರಜೆ ಹಾಕಿದರೆ ಅಲ್ಲಿ ಡಾಕ್ಟರೇ ಬಂದು ಕೀಲಿ ಒತ್ತಬೇಕಾಗುತ್ತದೆ. ಅಂಥ ಆಸ್ಪತ್ರೆ ನಿನ್ನನ್ನು ಇವತ್ತಿಗೂ ಗುತ್ತಿಗೆಯಲ್ಲೇ ಇಟ್ಟಿದೆ, ಯಾವಾಗ ಬೇಕಾದರೂ ಮನೆಗೆ ಕಳಿಸಬಹುದು. ಆ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಸ್ಥಳೀಯ ಭಾಷೆ. ಶಾಲೆಯಲ್ಲಿ ಕಲಿಯದವರು ಓದಿ, ಬರೆದು, ಮಾತಾಡಿ ತೋರಿಸಬೇಕು. ನಿನ್ನ ತವರಿನ ಭಾಷೆ ಬೇರೆ, ಆದ್ದರಿಂದ ಇದು ನಿನಗೆ ಅನ್ವಯಿಸುತ್ತದೆ. ಆದರೆ ಹೆದರಿಕೆ ಯಾಕೆ? ನೀನು ನಮ್ಮ ಭಾಷೆ ಕಲಿತದ್ದು ಅವನು ಕಾಯಿಲೆ ಬಿದ್ದಾಗ ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು, ದಿನಪತ್ರಿಕೆ ಓದಿ ಹೇಳುತ್ತಾ. ಮೊದಮೊದಲು ನೀನು ಓದುವುದನ್ನು ಕೇಳಿದರೆ ಸಚಿವರು ಸೇತುವೆಯನ್ನು ಉದ್ಘಾಟಿಸಿದರೋ ಸೇತುವೆಯೇ ಸಚಿವರನ್ನು ಉದ್ಘಾಟಿಸಿತೋ ತಿಳಿಯುತ್ತಿರಲಿಲ್ಲ. ಪಕ್ಕದ ಹಾಸಿಗೆಯ ಮುದುಕರು, "ತಾಯೀ, ಅದನ್ನೇ ಇನ್ನೊಂದ್ಸಲ ಓದು, ನಗೋದು ಬಾಕಿ ಇದೆ" ಎನ್ನುತ್ತಿದ್ದರು. ಅವನು ನಗುತ್ತಲೇ ತಿದ್ದುತ್ತಿದ್ದ. ವರ್ಷ ತಿರುಗುವಷ್ಟರಲ್ಲಿ ನೀನು ಔಷಧಿ ಅಂಗಡಿಯವನ ಮುಂದೆ ನಿಂತು, "ನಿನ್ನೆ ಬಿಲ್ಲಲ್ಲಿ ಇಲ್ಲದ ಸಿರಿಂಜು ಇವತ್ತು ಎಲ್ಲಿಂದ ಹುಟ್ಕೊಳ್ತು ಸ್ವಾಮಿ?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಭಾಷೆಯ ಪರೀಕ್ಷೆಗೆ ಬರುವ ಅಧಿಕಾರಿಗಳು ಸಿರಿಂಜಿನ ಸುದ್ದಿ ಎತ್ತದಿದ್ದರೆ ಅವರಿಗೇ ಕ್ಷೇಮ.

ಉಳಿದದ್ದು ವಯಸ್ಸು. ಇಪ್ಪತ್ತೆಂಟು ಮೀರಿರಬಾರದು, ನಿನಗೆ ಮೂವತ್ತೊಂದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸಡಿಲಿಕೆ ಇದೆ. ಗಂಡನನ್ನು ಕಳೆದುಕೊಂಡವರು, ವಿಚ್ಛೇದನ ಆದವರು, ನ್ಯಾಯಾಲಯದ ಮೂಲಕ ಬೇರೆಯಾದವರು ಮರುಮದುವೆ ಆಗಿರದಿದ್ದರೆ ಮೂವತ್ತೈದರವರೆಗೆ ಬರೆಯಬಹುದು. ಈ ಮರುಮದುವೆಯ ಮಾತೇ ಮನೆಯಲ್ಲಿ ದೊಡ್ಡ ರಾದ್ಧಾಂತ ಎಬ್ಬಿಸಿತು.

ಮೊದಲು ನಾನು ಟೈರ್ ಅಂಗಡಿಯ ಮೇಲಿನ ಕೋಚಿಂಗ್ ಸೆಂಟರಿಗೆ ಹೋದೆ. ಅದನ್ನು ನಡೆಸುವವರನ್ನು ಎಲ್ಲರೂ ಮೀಸೆ ಮೇಷ್ಟ್ರು ಎನ್ನುತ್ತಾರೆ. ಕೂರಿಸಿ ಚಹಾ ಕೊಟ್ಟರು.

"ಯಾರಿಗೆ ಸಾರ್, ಮೊಮ್ಮಗನಿಗಾ?"

"ಸೊಸೆಗೆ."

ಎಲ್ಲ ಹೇಳಿದೆ. ಮೀಸೆ ನೀವಿಕೊಂಡರು. "ಸಡಿಲಿಕೆ ಏನೋ ಇದೆ ಸಾರ್. ಆದ್ರೆ ಒಂದು ಕಂಡೀಷನ್. ಅವರು ಮುಂದೆ ಮದುವೆ ಆಗೋ ಹಾಗಿಲ್ಲ. ಆದ್ರೋ, ಕೆಲಸ ಹೋಯ್ತು ಅಂತಾನೇ ತಿಳ್ಕೊಳ್ಳಿ."

"ಎಲ್ಲಿ ಬರೆದಿದೆ, ತೋರಿಸಿ."

"ಬರೆದಿರಲ್ಲ ಸಾರ್. ಹಾಗೇ ಇರುತ್ತೆ."

"ಹಾಗೇ ಇರೋ ಬಸ್ಸಿಗೆ ನಾನು ಯಾರನ್ನೂ ಹತ್ತಿಸಿಲ್ಲ ಮೇಷ್ಟ್ರೇ" ಎಂದು ಎದ್ದು ಬಂದೆ. ಚಹಾ ಚೆನ್ನಾಗಿತ್ತು, ಅದನ್ನೂ ಹೇಳಿಯೇ ಬಂದೆ.

ಮನೆಗೆ ಬಂದು ನಿನ್ನ ಅತ್ತೆಗೆ ಹೇಳಿದೆ. ಅವಳು ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದಳು. ಸೂಜಿಯನ್ನು ದಿಂಬಿಗೇ ಚುಚ್ಚಿ ನಿಲ್ಲಿಸಿದಳು.

"ಹಾಗಾದ್ರೆ ಬೇಡವೇ ಬೇಡ. ಮೂವತ್ತೊಂದರ ಹುಡುಗಿ ಸಾಯೋವರೆಗೂ ಒಂಟಿಯಾಗೇ ಇರ್ತೀನಿ ಅಂತ ಬ್ಯಾಂಕಿಗೆ ಬರ್ದು ಕೊಡ್ಬೇಕಾ? ನೋಟು ಎಣಿಸೋದಕ್ಕೂ ಗಂಡ ಇಲ್ದೇ ಇರೋದಕ್ಕೂ ಏನ್ರೀ ಸಂಬಂಧ?"

"ಅವಳು ಈಗ ಮದುವೆ ಮಾತೇ ಎತ್ತಿಲ್ವಲ್ಲೇ."

"ಅವಳು ಎತ್ತಲ್ಲ. ಎತ್ತೋ ಜಾತಿ ಅಲ್ಲ ಅದು. ಬಾಗಿಲು ತೆಗೆದಿರ್ಬೇಕು ಅಂತ ನಾನು ಹೇಳ್ತಿರೋದು. ನಾಳೆ ಬ್ಯಾಂಕಿಗೇ ಹೋಗಿ ಕೇಳಿ. ನಿಂತ್ಕೊಂಡೇ ಕೇಳಿ, ಕೂತ್ರೆ ಫ್ಯಾನ್ ಗಾಳಿಗೆ ನಿಮಗೆ ನಿದ್ದೆ ಬರುತ್ತೆ."

ನಿನ್ನ ಅತ್ತೆ ಸರಿಯಾದ ಪ್ರಶ್ನೆ ಕೇಳಿದ್ದಾಳೆ ಎಂದು ನನಗೆ ಆಗಲೇ ಅನಿಸಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ಬ್ಯಾಂಕಿನಲ್ಲಿ ವಿಚಾರಣೆಯ ಗಾಜಿನ ಹೊರಗಡೆ ನಿಂತಾಗ ವಿಚಿತ್ರ ಅನಿಸಿತು. ನನ್ನ ಜಾಗ ಅದರ ಒಳಗಡೆ. ಕೂತಿದ್ದ ಹುಡುಗಿ ತಲೆ ಎತ್ತದೆ, "ಅದೆಲ್ಲ ವೆಬ್‌ಸೈಟಲ್ಲಿ ಇದೆ ಅಂಕಲ್" ಎಂದಳು.

"ನೋಡ್ಕೊಂಡೇ ಬಂದಿದ್ದೀನಮ್ಮ. ಮರುಮದುವೆ ಆಗಿರಬಾರದು ಅಂತ ಇದೆ. ಯಾವ ದಿನಕ್ಕೆ ಆಗಿರಬಾರದು ಅಂತ ಇಲ್ಲ. ಅಷ್ಟು ಹೇಳಿಬಿಡು, ಹೊರಟೆ."

ಅವಳು ತಲೆ ಎತ್ತಿದಳು. ಮ್ಯಾನೇಜರನ್ನು ಕೇಳಿದಳು. ಅವರಿಗೆ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎಂದು ನೇರವಾಗಿ ಹೇಳಿದರು. ಅದಕ್ಕೆ ಅವರ ಮೇಲೆ ಗೌರವ ಬಂತು. ಮೇಲಿನ ಮಹಡಿಯ ಸಿಬ್ಬಂದಿ ವಿಭಾಗಕ್ಕೆ ಕಳಿಸಿದರು. ಅಲ್ಲಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ ಒಬ್ಬ ಅಧಿಕಾರಿ ಹೆಂಗಸು ನನ್ನ ಮಾತನ್ನೆಲ್ಲ ಕೇಳಿ, "ಇದನ್ನ ಇದುವರೆಗೆ ಯಾರೂ ಕೇಳೇ ಇಲ್ಲ" ಎಂದರು. ಆಮೇಲೆ ಮುಖ್ಯ ಕಚೇರಿಗೆ ಫೋನ್ ಹಚ್ಚಿದರು. ಆ ಕಡೆಯವರು ಇನ್ನೊಬ್ಬರನ್ನು, ಅವರು ಮತ್ತೊಬ್ಬರನ್ನು ಕೇಳಿ ಬರುವವರೆಗೆ ನಾನು ನಿಂತೇ ಇದ್ದೆ, ನಿನ್ನ ಅತ್ತೆಯ ಮಾತಿನಂತೆ.

ಫೋನ್ ಇಟ್ಟು ಅವರು ಹೇಳಿದ್ದು ಇದು. "ವಯಸ್ಸು ಲೆಕ್ಕ ಹಾಕೋಕೆ ಒಂದು ದಿನಾಂಕ ಕೊಟ್ಟಿದ್ದಾರಲ್ಲ ಸಾರ್, ಎಲ್ಲದಕ್ಕೂ ಅದೇ ದಿನಾಂಕ. ಅವತ್ತಿಗೆ ಮರುಮದುವೆ ಆಗಿರಬಾರದು, ಅಷ್ಟೆ. ಕೆಲಸಕ್ಕೆ ಸೇರಿದ ಮೇಲೆ ಅವರ ಮದುವೆ ಅವರಿಷ್ಟ. ಕರೆದ್ರೆ ನಾವೂ ಊಟಕ್ಕೆ ಬರ್ತೀವಿ."

ಇನ್ನೊಂದು ಸಲ ಹೇಳಿಸಿದೆ. ಬೇಸರಿಸದೆ ಹೇಳಿದರು. ಮನೆಗೆ ಬಂದು ಒಪ್ಪಿಸಿದಾಗ ನಿನ್ನ ಅತ್ತೆ, "ಹಾಂ, ಈಗ ಹಾಕ್ಲಿ ಅರ್ಜಿ" ಎಂದು ದಿಂಬಿನಿಂದ ಸೂಜಿ ಕಿತ್ತುಕೊಂಡಳು.

ಹಾಗಾಗಿ ನಿಯಮದ ಕಡೆಯಿಂದ ನಿನಗೆ ಅಡ್ಡಿ ಇಲ್ಲ. ಅಡ್ಡಿ ಇರುವುದು ನಿನ್ನ ಕಡೆಯಿಂದ. ಅದಕ್ಕೂ ನನ್ನ ಹತ್ತಿರ ಉತ್ತರ ಇದೆ, ಪೂರ್ತಿ ಓದು.

ಅವನು ಹೋಗಿದ್ದನ್ನು ತೋರಿಸಿ ಕೆಲಸ ಕೇಳಲ್ಲ ಎಂದೆ ನೀನು. ಯಾರೂ ಕೆಲಸ ಕೊಡುತ್ತಿಲ್ಲ ಮಗಳೇ. ಪರೀಕ್ಷೆಯ ಕೋಣೆಯ ಬಾಗಿಲು ತೆಗೆಯುತ್ತಿದ್ದಾರೆ, ಅಷ್ಟೆ. ಒಳಗೆ ಇಪ್ಪತ್ತೆರಡರ ಹುಡುಗರಿಗೆ ಕೊಟ್ಟ ಪ್ರಶ್ನೆಗಳನ್ನೇ ನಿನಗೂ ಕೊಡುತ್ತಾರೆ. ದುಃಖಕ್ಕೆ ಅಲ್ಲಿ ಅಂಕ ಇಲ್ಲ. ಮತ್ತೆ ಆ ವರ್ಷಗಳು ಎಲ್ಲಿ ಹೋದವು ಎಂಬುದು ಬ್ಯಾಂಕಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು. ನಿನ್ನ ಇಪ್ಪತ್ತೇಳರಲ್ಲಿ ಇದೇ ಪರೀಕ್ಷೆಯ ಪ್ರವೇಶ ಪತ್ರ ಬಂದಿತ್ತು. ಪರೀಕ್ಷೆಯ ದಿನವೇ ಅವನ ಎರಡನೆಯ ಆಪರೇಷನ್. ನೀನು ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನ ಚಪ್ಪಲಿ ಹಿಡಿದು ಕೂತಿದ್ದೆ. ನಾನು, "ಹೋಗಿ ಬರೆದು ಬಾ, ನಾವಿದ್ದೀವಿ" ಎಂದೆ. ನೀನು ಜಾಗ ಬಿಟ್ಟು ಏಳಲಿಲ್ಲ. ಮುಂದಿನ ವರ್ಷ ಅರ್ಜಿಯನ್ನೇ ಹಾಕಲಿಲ್ಲ. ಅಲ್ಲಿಗೆ ಇಪ್ಪತ್ತೆಂಟು ದಾಟಿತು.

ನಮ್ಮ ಸಾಮಾನು ಹೊತ್ತು ನಿಂತಿದ್ದಕ್ಕೆ ನಿನ್ನ ಬಸ್ಸು ತಪ್ಪಿತು. ಅದೇ ಟಿಕೆಟ್ಟಿಗೆ ಮುಂದಿನ ಬಸ್ಸು ಹತ್ತಬಹುದು ಎಂದು ಈಗ ನಿಯಮ ಹೇಳುತ್ತಿದೆ. ಆ ನಿಯಮ ಬರೆದವರು ಯಾರೋ ನಿನ್ನಂಥವರನ್ನು ಕಣ್ಣಾರೆ ಕಂಡು ಬರೆದಿರಬೇಕು. ಇದರಲ್ಲಿ ಭಿಕ್ಷೆ ಎಲ್ಲಿದೆ? ನೀನು ಹತ್ತದಿದ್ದರೆ ಅವನಿಗೇನೂ ಮರ್ಯಾದೆ ಹೆಚ್ಚುವುದಿಲ್ಲ. ಸೀಟು ಖಾಲಿ ಹೋಗುತ್ತದೆ, ಅಷ್ಟೆ.

ಪರೀಕ್ಷೆಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಲೆಕ್ಕ ನಿನಗೆ ನೀರು ಕುಡಿದಷ್ಟು ಸುಲಭ. ತರ್ಕದ ಪ್ರಶ್ನೆಗಳನ್ನು ಸ್ವಲ್ಪ ತಿರುವಿಹಾಕು. ಪತ್ರಿಕೆಯಲ್ಲಿ ಮಾದರಿ ಪ್ರಶ್ನೆಗಳು ಬರುತ್ತಿವೆ, ಕತ್ತರಿಸಿ ಇಡುತ್ತಿದ್ದೇನೆ. ಮೊನ್ನೆ ಒಂದನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ಒಬ್ಬ ಗಂಡಸು ಒಬ್ಬಾಕೆಯನ್ನು ತೋರಿಸಿ, "ಇವಳು ನನ್ನ ಹೆಂಡತಿಯ ಒಬ್ಬನೇ ಮಗನ ಹೆಂಡತಿ" ಎನ್ನುತ್ತಾನೆ, ಹಾಗಾದರೆ ಅವಳು ಅವನಿಗೆ ಏನಾಗಬೇಕು? ನಾಲ್ಕು ಉತ್ತರ ಕೊಟ್ಟಿದ್ದರು. ನಿನ್ನ ಅತ್ತೆ ಪೂರ್ತಿ ಕೇಳಿಸಿಕೊಳ್ಳದೆ, "ಮಗಳು" ಎಂದಳು.

"ಸೊಸೆ ಕಣೇ. ಇಲ್ಲಿ ಉತ್ತರ ಕೊಟ್ಟಿದ್ದಾರೆ."

"ಪೇಪರಿನವರಿಗೆ ಏನು ಗೊತ್ತು?"

ನೀನು ಮಾತ್ರ ಸೊಸೆ ಎಂದೇ ಗುರುತು ಹಾಕು. ಇವಳನ್ನು ನಂಬಿದರೆ ತಪ್ಪು ಉತ್ತರವೆಂದು ಕಾಲು ಅಂಕ ಕಳೆಯುತ್ತಾರೆ.

ಈ ವಾರವೇ ಫೋಟೊ ತೆಗೆಸು, ಹಿಂದೆ ಬಿಳಿ ಗೋಡೆ ಇರಲಿ. ಸಹಿ ಕಪ್ಪು ಶಾಯಿಯಲ್ಲಿ. ಹೆಸರು ಪದವಿ ಪತ್ರದಲ್ಲಿ ಇರುವಂತೆಯೇ ಬರೆ, ಮದುವೆಯ ನಂತರದ್ದನ್ನು ಸೇರಿಸಬೇಡ. ಕೊನೆಯ ದಿನದವರೆಗೆ ಕಾಯಬೇಡ, ಅವತ್ತು ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತಾರೆ. ಪರೀಕ್ಷಾ ಕೇಂದ್ರಕ್ಕೆ ನಮ್ಮ ಊರನ್ನೇ ಆರಿಸಿಕೋ. ನೀನು ಇಲ್ಲಿಂದಲೇ ಹೊರಟರೆ ಬಸ್ಸಿನ ಚಿಂತೆ ನನ್ನದು. ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿದ್ದೇವೆ. ಬಣ್ಣ ನನಗೆ ಹಿಡಿಸಲಿಲ್ಲ, ನಿನಗೆ ಹಿಡಿಸುತ್ತದೆ ಎಂದು ನಿನ್ನ ಅತ್ತೆಯ ಹಟ.

ನೀನು ಪಾಸಾಗುತ್ತೀಯ. ಇದನ್ನು ಮಾತ್ರ ಯಾವ ಪಟ್ಟಿಯನ್ನೂ ನೋಡದೆ ಹೇಳುತ್ತಿದ್ದೇನೆ. ಹಿಡಿದ ಕೆಲಸ ಕೈಗೂಡಲಿ, ಆರೋಗ್ಯ ಚೆನ್ನಾಗಿರಲಿ, ಊಟ ತಪ್ಪಿಸದೆ ಮಾಡುವ ಬುದ್ಧಿಯೂ ಬರಲಿ. ಇದು ನಮ್ಮಿಬ್ಬರ ಆಶೀರ್ವಾದ, ಕೊನೆಯದು ನಿನ್ನ ಅತ್ತೆ ಒತ್ತಾಯ ಮಾಡಿ ಬರೆಸಿದ್ದು.

ಇಂತಿ,
ನಿನ್ನ ಮಾವ

ಮತ್ತೆ: ಅವನ ಮರಣ ಪ್ರಮಾಣ ಪತ್ರದ ಎರಡು ನಕಲು ಇದರೊಳಗೆ ಇಟ್ಟಿದ್ದೇನೆ. ಅರ್ಜಿಗೆ ಈಗ ಬೇಡ, ಮುಂದೆ ದಾಖಲೆ ನೋಡುವಾಗ ಕೇಳುತ್ತಾರೆ. ನಿನ್ನೆ ಮಾಡಿಸಿದೆ. ನಕಲು ತೆಗೆಯುವ ಅಂಗಡಿಯ ಹೆಂಗಸು ಹಾಳೆಯನ್ನು ಯಂತ್ರದ ಮೇಲೆ ಇಡುವಾಗ ವಯಸ್ಸು ನೋಡಿ, "ಛೆ, ಇಷ್ಟು ಚಿಕ್ಕ ವಯಸ್ಸಾ. ಯಾರದು ಸಾರ್ ಇದು?" ಎಂದಳು. ನಾನು, "ಗೊತ್ತಿರೋರ ಹುಡುಗ" ಎಂದೆ. ನನ್ನ ಮಗ ಎನ್ನಲಿಲ್ಲ. "ಪಾಪ, ಅಪ್ಪ ಅಮ್ಮ ಇದ್ದಾರಾ?" ಎಂದಳು. "ಇದ್ದಾರೆ" ಎಂದೆ. ಚಿಲ್ಲರೆ ತೆಗೆದುಕೊಂಡು ಬಂದೆ.

ನಿನ್ನ ಅತ್ತೆಗೆ ಇದನ್ನು ಹೇಳಿಲ್ಲ. ಒಂದು ಮಾತು ತುಂಬಿಬಿಡು ಎಂದು ನಿನಗೆ ಇಷ್ಟುದ್ದ ಬರೆದೆನಲ್ಲ, ಅವನಿಲ್ಲ ಎನ್ನುವ ಆ ಮಾತು ನನ್ನ ಬಾಯಿಗೂ ಇನ್ನೂ ಬಂದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಆ ಜಾಗ ಬಂದಾಗ ನೀನು ಒಬ್ಬಳೇ ತುಂಬಬೇಡ. ಫೋನ್ ಮಾಡು. ನಾವಿಬ್ಬರೂ ಲೈನಿನಲ್ಲಿ ಇರುತ್ತೇವೆ. ಯಾರೂ ಏನೂ ಮಾತಾಡಬೇಕಾಗಿಲ್ಲ.